ಗೀಳು ರೋಗಕ್ಕೆ ಗಣಕಯಂತ್ರದ ಊರುಗೋಲು

ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೆ, ಹಾಕಿದೆವೋ ಇಲ್ಲವೋ ಎಂಬ ಅನುಮಾನ ಯಾರಿಗೂ ಬರಬಹುದು. ಹಿಂದಿರುಗಿ ಒಮ್ಮೆ ಬೀಗವನ್ನು ಎಳೆದು ನೋಡಿ ಸಮಾಧಾನದಿಂದ ಹೊರಟುಬಿಡುವುದು ಸಹಜ. ಆದರೆ ಇಪ್ಪತ್ತು ಸಲ ಎಳೆದರೂ ಸಮಾಧಾನವಾಗದೆ, ಬಸ್ ನಿಲ್ದಾಣದಿಂದ ಮತ್ತೆ ಮನೆಗೆ ಮರಳಿ, ಕಚೇರಿಗೆ ಎರಡು ಗಂಟೆ ತಡವಾಗಿ ತಲಪುವವರಿದ್ದಾರೆ. ಬೀಗ ಬಿದ್ದಿದೆಯೆಂಬುದು ಅವರ ಬುದ್ಧಿಗೆ ಗೊತ್ತು, ಮನಸ್ಸು ಒಪ್ಪುವುದಿಲ್ಲ. ಇದನ್ನೇ ಆಧುನಿಕ ವೈದ್ಯರು ಓಸಿಡಿ ಎನ್ನುತ್ತಾರೆ. ಕನ್ನಡದಲ್ಲಿ ಗೀಳು ರೋಗವೆಂಬ ಹೆಸರು ರೂಢಿಯಲ್ಲಿದೆ.

ಈ ರೋಗಕ್ಕೆ ಎರಡು ಮುಖಗಳು. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿಬರುವ ಆಲೋಚನೆ ಒಂದು. ಆ ಆಲೋಚನೆ ಹುಟ್ಟಿಸಿದ ತಳಮಳವನ್ನು ಇಳಿಸಿಕೊಳ್ಳಲು ಮಾಡಲೇಬೇಕೆನಿಸುವ ಕ್ರಿಯೆ ಇನ್ನೊಂದು. ಕೊಳೆಯ ಭಯ ಬಂದರೆ ಕೈ ತೊಳೆಯುವುದು, ಅನಾಹುತದ ಭಯ ಬಂದರೆ ಗ್ಯಾಸ್ ನಲ್ಲಿಯನ್ನು ಪರೀಕ್ಷಿಸುವುದು, ಅಶುಭದ ಭಯ ಬಂದರೆ ಒಂದು ಸಂಖ್ಯೆಯವರೆಗೆ ಎಣಿಸುವುದು. ಕ್ರಿಯೆ ಮಾಡಿದ ಕೂಡಲೇ ತಳಮಳ ಇಳಿಯುತ್ತದೆ. ಇಳಿಯುವುದರಿಂದಲೇ ಮನಸ್ಸು ಅದನ್ನು ಕಲಿತುಕೊಳ್ಳುತ್ತದೆ. ಮುಂದಿನ ಸಲ ಅದೇ ಸಮಾಧಾನಕ್ಕೆ ಇನ್ನೂ ಹೆಚ್ಚು ತೊಳೆಯಬೇಕು, ಇನ್ನೂ ಹೆಚ್ಚು ಎಣಿಸಬೇಕು. ಬಡ್ಡಿ ಕಟ್ಟುತ್ತಾ ಹೋದರೂ ಅಸಲು ಬೆಳೆಯುತ್ತಲೇ ಇರುವ ಸಾಲದಂತೆ ಈ ರೋಗ.

ಮಠದ ಪತ್ರಿಕೆಯ ಓದುಗರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಗೀಳು ರೋಗವು ಮನುಷ್ಯನಿಗೆ ಅತ್ಯಂತ ಪ್ರಿಯವಾದುದನ್ನೇ ಹುಡುಕಿ ಹಿಡಿಯುತ್ತದೆ. ಮಗುವನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಬಾಣಂತಿಗೆ ಮಗುವಿಗೆ ತಾನೇ ಕೇಡು ಮಾಡಿಬಿಡುವೆನೆಂಬ ಆಲೋಚನೆ ಬರುತ್ತದೆ. ಭಕ್ತಿವಂತನಿಗೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕುಳಿತ ಗಳಿಗೆಯಲ್ಲಿಯೇ ಹೇಸಿಗೆಯ ಚಿತ್ರವೊಂದು ಕಣ್ಣ ಮುಂದೆ ಸುಳಿಯುತ್ತದೆ. ಆತ ಪೂಜೆಯನ್ನು ಮೊದಲಿನಿಂದ ಆರಂಭಿಸುತ್ತಾನೆ, ಮತ್ತೆ ಸುಳಿಯುತ್ತದೆ, ಮತ್ತೆ ಆರಂಭ. ಅರ್ಧ ಗಂಟೆಯ ಪೂಜೆ ಮೂರು ಗಂಟೆಗೆ ಹಿಗ್ಗುತ್ತದೆ. ಇಂಥವರು ತಮ್ಮನ್ನು ಪಾಪಿಗಳೆಂದು ಭಾವಿಸಿ ವರ್ಷಗಟ್ಟಲೆ ಯಾರಿಗೂ ಹೇಳದೆ ಕೊರಗಿರುವುದನ್ನು ನಾವು ಚಿಕಿತ್ಸಾಲಯದಲ್ಲಿ ಕಂಡಿದ್ದೇವೆ. ಅದು ಪಾಪವೂ ಅಲ್ಲ, ಭಕ್ತಿಯ ಕೊರತೆಯೂ ಅಲ್ಲ. ಅಂಥ ಆಲೋಚನೆಯಿಂದ ಮನಸ್ಸು ನಡುಗುತ್ತದೆಯೆಂದರೆ ಅದು ಆ ವ್ಯಕ್ತಿಯ ಇಚ್ಛೆಯಲ್ಲವೆಂದೇ ಅರ್ಥ.

2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಈ ರೋಗದ ಪ್ರಮಾಣವನ್ನು ಶೇಕಡಾ 0.8ರ ಸುಮಾರು ಎಂದು ಅಂದಾಜಿಸಿತು. ಸಾವಿರ ವಯಸ್ಕರಲ್ಲಿ ಎಂಟು ಮಂದಿ. ಕೇಳಲು ಅಲ್ಪವೆನಿಸಬಹುದು; ಜಯನಗರದ ಒಂದು ದೊಡ್ಡ ಕಲ್ಯಾಣ ಮಂಟಪ ತುಂಬಿದರೆ ಅಲ್ಲಿ ಏಳೆಂಟು ಮಂದಿ ಈ ಕಷ್ಟವನ್ನು ಹೊತ್ತು ಕುಳಿತಿರುತ್ತಾರೆಂದು ಊಹಿಸಿಕೊಂಡರೆ ಅದರ ಅಳತೆ ತಿಳಿಯುತ್ತದೆ.

ಆಯುರ್ವೇದಕ್ಕೆ ಈ ಸ್ಥಿತಿ ಅಪರಿಚಿತವಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಅಪಸ್ಮಾರವನ್ನು ವಿವರಿಸುವ ಹತ್ತನೆಯ ಅಧ್ಯಾಯದ ಕೊನೆಯ ಭಾಗದಲ್ಲಿ, ಅತತ್ತ್ವಾಭಿನಿವೇಶವೆಂಬ ವ್ಯಾಧಿಯ ವರ್ಣನೆಯಿದೆ. ತತ್ತ್ವವಲ್ಲದುದರಲ್ಲಿ ಬುದ್ಧಿ ಕಚ್ಚಿಕೊಂಡು ಬಿಡುವುದೆಂದು ಆ ಹೆಸರಿನ ಅರ್ಥ. ಚರಕನು ಇದನ್ನು ಮಹಾರೋಗವೆಂದೇ ಕರೆದಿದ್ದಾನೆ. ಇಂದಿನ ಗೀಳು ರೋಗವೂ ಅದೂ ಅಕ್ಷರಶಃ ಒಂದೇ ಎಂದು ವಾದಿಸುವವರ ಉತ್ಸಾಹ ನಮಗಿಲ್ಲ, ಹೋಲಿಕೆಯಂತೂ ಗಟ್ಟಿಯಾದುದು. ಶೋಧನ, ಬ್ರಾಹ್ಮೀ, ಶಂಖಪುಷ್ಪೀಗಳ ಜೊತೆಯಲ್ಲಿಯೇ ಆತ ಇನ್ನೊಂದು ಉಪಾಯವನ್ನು ಸೂಚಿಸುತ್ತಾನೆ: ರೋಗಿಗೆ ಅನುಕೂಲರಾದ ನಂಬಿಕಸ್ಥ ಮಿತ್ರರು ಹತ್ತಿರವಿದ್ದು ಅವನನ್ನು ತಿಳಿವಳಿಕೆ, ಧೈರ್ಯ, ಸ್ಮೃತಿಗಳೊಡನೆ ಮತ್ತೆ ಕೂಡಿಸಬೇಕು. ಔಷಧದ ಪಟ್ಟಿಯಲ್ಲಿ ಮಿತ್ರನಿಗೂ ಸ್ಥಾನವಿದೆಯೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಗಣಕಯಂತ್ರದ ವಿಚಾರದಲ್ಲಿಯೂ ಈ ಮಾತು ಮತ್ತೆ ಬರುತ್ತದೆ.

ನಲ್ಲಿ ನಿಲ್ಲಿಸಿದ ಚಿಕಿತ್ಸೆ

ಗಣಕಯಂತ್ರ ಏನು ಮಾಡಬಲ್ಲದೆಂದು ತಿಳಿಯುವುದಕ್ಕೆ ಮೊದಲು, ಮನುಷ್ಯ ಚಿಕಿತ್ಸಕ ಏನು ಮಾಡುತ್ತಾನೆಂಬುದನ್ನು ತಿಳಿಯಬೇಕು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಈ ರೋಗಕ್ಕೆ ಮದ್ದಿಲ್ಲವೆಂದೇ ಬಹುಮಂದಿಯ ಅಭಿಪ್ರಾಯವಾಗಿತ್ತು. ತೊಳೆಯುವ ಗೀಳಿದ್ದ ಮಹಿಳೆಯನ್ನು ವಾರ್ಡಿನಲ್ಲಿರಿಸಿ, ಆಕೆ ಹೆದರುವ ವಸ್ತುಗಳನ್ನು ಮುಟ್ಟಿಸಿ, ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸಿದರು. ದಾದಿಯರು ಜೊತೆಗಿದ್ದು ಧೈರ್ಯ ಹೇಳುತ್ತಿದ್ದರು. ತೊಳೆಯದಿದ್ದರೂ ಆಕೆ ಎದೆಯೊಡೆದು ಸಾಯಲಿಲ್ಲ; ತಳಮಳ ಏರಿತು, ನಿಂತಿತು, ತಾನಾಗಿಯೇ ಇಳಿಯಿತು. ಭಯವನ್ನು ಎದುರಿಸುವುದು, ಪ್ರತಿಕ್ರಿಯೆಯನ್ನು ತಡೆಯುವುದು: ಇಂದಿಗೂ ಗೀಳು ರೋಗದ ಮನೋಚಿಕಿತ್ಸೆಯ ಬೆನ್ನೆಲುಬು ಇದೇ. ಇಲ್ಲಿ ಆಲೋಚನೆಯನ್ನು ತಡೆಯುವ ಪ್ರಯತ್ನವಿಲ್ಲ. ಆಲೋಚನೆಯನ್ನು ಅದರ ಪಾಡಿಗೆ ಬಿಟ್ಟು ಕ್ರಿಯೆಯನ್ನು ತಡೆಯಲಾಗುತ್ತದೆ. ಮನಸ್ಸನ್ನು ಬಲಾತ್ಕಾರವಾಗಿ ಖಾಲಿ ಮಾಡಲು ಹೊರಡುವ ಸಾಧಕರಿಗೂ ಇದು ಉಪಯುಕ್ತವಾದ ತಿಳಿವಳಿಕೆ.

ಇಂದು ನಲ್ಲಿಯನ್ನು ನಿಲ್ಲಿಸುವಷ್ಟು ಕಠಿಣವಾಗಿ ಆರಂಭಿಸುವುದಿಲ್ಲ. ರೋಗಿಯ ಭಯಗಳನ್ನೆಲ್ಲ ಬರೆದು, ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು, ಏಣಿಯ ಮೆಟ್ಟಿಲಿನಂತೆ ಜೋಡಿಸುತ್ತಾರೆ. ಮೂವತ್ತರ ಮೆಟ್ಟಿಲಿನಿಂದ ಆರಂಭ. ಆ ಭಯವನ್ನು ದಿನವೂ ಎದುರಿಸಿ, ತೊಳೆಯದೆ, ಪರೀಕ್ಷಿಸದೆ, ಯಾರನ್ನೂ ಕೇಳದೆ, ತಳಮಳ ಇಳಿಯುವವರೆಗೆ ಕಾಯಬೇಕು. ಮೂವತ್ತು ಹತ್ತಕ್ಕೆ ಇಳಿದ ಮೇಲೆ ನಲವತ್ತರ ಮೆಟ್ಟಿಲು.

ಈ ವಿಧಾನದಲ್ಲಿ ಪಳಗಿದ ಚಿಕಿತ್ಸಕರು ನಮ್ಮಲ್ಲಿ ಬಹಳ ಕಡಿಮೆ. ದಕ್ಷಿಣ ಬೆಂಗಳೂರಿನವರು ಒಂದು ದೃಷ್ಟಿಯಿಂದ ಭಾಗ್ಯವಂತರು. ಹೊಸೂರು ರಸ್ತೆಯ ನಿಮ್ಹಾನ್ಸ್ ಜಯನಗರಕ್ಕೂ ಬಿಟಿಎಂ ಬಡಾವಣೆಗೂ ಕೂಗಳತೆಯಲ್ಲಿದೆ, ಅಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. 2017ರಲ್ಲಿ ಭಾರತೀಯ ಮನೋವೈದ್ಯರ ಸಂಘಕ್ಕಾಗಿ ಈ ರೋಗದ ಚಿಕಿತ್ಸಾ ಮಾರ್ಗಸೂಚಿಯನ್ನು ಸಿದ್ಧಪಡಿಸಿದವರು ಆ ವಿಭಾಗದ ಡಾ. ವೈ. ಸಿ. ಜನಾರ್ದನ ರೆಡ್ಡಿ ಮತ್ತು ಸಹೋದ್ಯೋಗಿಗಳೇ. ಆದರೆ ಅದೇ ಹೊರರೋಗಿ ವಿಭಾಗಕ್ಕೆ ಬೀದರಿನಿಂದಲೂ, ನೆರೆರಾಜ್ಯಗಳಿಂದಲೂ, ದೂರದ ಬಂಗಾಳದಿಂದಲೂ ಜನ ಬರುತ್ತಾರೆ. ವಾರಕ್ಕೊಮ್ಮೆಯಂತೆ ಹದಿನೈದು ಇಪ್ಪತ್ತು ಭೇಟಿಗಳನ್ನು ಬೇಡುವ ಚಿಕಿತ್ಸೆಯನ್ನು ಎಲ್ಲರಿಗೂ ಕೊಡುವುದು ಯಾವ ಆಸ್ಪತ್ರೆಗೂ ಸುಲಭವಲ್ಲ. ಜೆ.ಪಿ. ನಗರದಿಂದ ಹೊರಟ ರೋಗಿ ದಾರಿಯಲ್ಲಿ ಒಂದು ಗಂಟೆ ಸಿಕ್ಕಿಕೊಂಡರೆ ಆ ವಾರದ ಭೇಟಿಯೇ ತಪ್ಪಿಹೋಗುತ್ತದೆ.

ಯಂತ್ರಕ್ಕೆ ದೂರವಾಣಿ ಕರೆ

ಈ ಚಿಕಿತ್ಸೆಯಲ್ಲಿ ಬಹುಪಾಲು ಕೆಲಸ ಮನೆಯಲ್ಲಿ, ರೋಗಿಯ ಕೈಯಿಂದಲೇ ನಡೆಯಬೇಕಾದುದು. ಏಣಿ ಕಟ್ಟುವುದು, ಅಂಕ ಬರೆಯುವುದು, ಹೊತ್ತು ನೋಡುವುದು, ಮುಂದಿನ ಮೆಟ್ಟಿಲನ್ನು ಸೂಚಿಸುವುದು: ಇವುಗಳಲ್ಲಿ ಕೆಲವನ್ನಾದರೂ ಯಂತ್ರಕ್ಕೆ ಒಪ್ಪಿಸಬಹುದಲ್ಲವೇ ಎಂಬ ಆಲೋಚನೆ ಸ್ಮಾರ್ಟ್‌ಫೋನಿಗಿಂತ ಹಳೆಯದು. 1980ರ ದಶಕದ ಉತ್ತರಾರ್ಧದಲ್ಲಿಯೇ ಬಾಸ್ಟನ್ನಿನ ಲೀ ಬೇರ್ ಮತ್ತು ಸಂಗಡಿಗರು, ಪರೀಕ್ಷಿಸುವ ಗೀಳಿನವರು ಮನೆಗೆ ಒಯ್ಯಬಹುದಾದ ಪುಟ್ಟ ಗಣಕಯಂತ್ರದಲ್ಲಿ ಇಂಥದೊಂದು ಪ್ರೋಗ್ರಾಮನ್ನು ಪ್ರಯೋಗಿಸಿ ನೋಡಿದ್ದರು.

ಅನಂತರ ಅವರು, ಲಂಡನ್ನಿನ ಐಸಾಕ್ ಮಾರ್ಕ್ಸ್ ಹಾಗೂ ಅಮೆರಿಕದ ವಿಸ್ಕಾನ್ಸಿನ್‌ನ ಜಾನ್ ಗ್ರೀಸ್ಟ್ ಸೇರಿ ಬಿಟಿ ಸ್ಟೆಪ್ಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ಪರದೆಯೇ ಇಲ್ಲ. ರೋಗಿಯ ಬಳಿ ಒಂದು ಪುಸ್ತಕ, ಒಂದು ಮಾಮೂಲಿ ದೂರವಾಣಿ. ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿದರೆ ಗಣಕಯಂತ್ರವು ಮುದ್ರಿತ ಧ್ವನಿಯಲ್ಲಿ ಪ್ರಶ್ನೆ ಕೇಳುತ್ತದೆ. ರೋಗಿ ಗುಂಡಿಯನ್ನೊತ್ತಿ ಉತ್ತರಿಸುತ್ತಾನೆ. ಯಾವ ಭಯ, ಎಷ್ಟು ಅಂಕ, ನಿನ್ನೆಯ ಅಭ್ಯಾಸ ಎಷ್ಟು ಹೊತ್ತು ನಡೆಯಿತು, ತಳಮಳ ಎಲ್ಲಿಗೆ ಇಳಿಯಿತು ಎಂಬುದನ್ನೆಲ್ಲ ಯಂತ್ರ ನೆನಪಿಟ್ಟುಕೊಂಡು ಮುಂದಿನ ಹೆಜ್ಜೆಯನ್ನು ಹೇಳುತ್ತದೆ.

ಇದರ ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟವಾದುದು 2002ರಲ್ಲಿ. ಅಮೆರಿಕ ಹಾಗೂ ಕೆನಡಾದ 218 ರೋಗಿಗಳನ್ನು ಮೂರು ಗುಂಪು ಮಾಡಿ ಹತ್ತು ವಾರ ನೋಡಿದರು. ಒಂದು ಗುಂಪಿಗೆ ಯಂತ್ರದ ಮಾರ್ಗದರ್ಶನ, ಇನ್ನೊಂದಕ್ಕೆ ಮನುಷ್ಯ ಚಿಕಿತ್ಸಕನ ಮಾರ್ಗದರ್ಶನ, ಮೂರನೆಯದಕ್ಕೆ ಕೇವಲ ದೇಹವನ್ನು ಸಡಿಲಗೊಳಿಸುವ ವಿಶ್ರಾಂತಿಯ ಅಭ್ಯಾಸ. ರೋಗದ ತೀವ್ರತೆಯನ್ನು ನಲವತ್ತು ಅಂಕಗಳ ಯೇಲ್-ಬ್ರೌನ್ ಮಾಪನದಲ್ಲಿ ಅಳೆಯುತ್ತಾರೆ. ಚಿಕಿತ್ಸಕನ ಗುಂಪಿನಲ್ಲಿ ಸರಾಸರಿ 8 ಅಂಕ ಇಳಿಯಿತು, ಯಂತ್ರದ ಗುಂಪಿನಲ್ಲಿ 5.6, ವಿಶ್ರಾಂತಿಯ ಗುಂಪಿನಲ್ಲಿ 1.7. ಅಂದರೆ ಯಂತ್ರವು ಮನುಷ್ಯನಿಗೆ ಸಮವಾಗಲಿಲ್ಲ. ಆದರೆ ನಿಷ್ಪ್ರಯೋಜಕವೂ ಆಗಲಿಲ್ಲ. ಯಂತ್ರದೊಡನೆ ಹೆಚ್ಚು ಹೊತ್ತು ಕಳೆದವರು, ಮನೆಯಲ್ಲಿ ಭಯವನ್ನು ಹೆಚ್ಚು ಎದುರಿಸಿದವರು ಹೆಚ್ಚು ಸುಧಾರಿಸಿದರು. ಅವರ ಕರೆಗಳಲ್ಲಿ ಹೆಚ್ಚಿನವು ವೈದ್ಯರು ಸಿಗದ ಹೊತ್ತಿನಲ್ಲಿ ಮಾಡಿದವು. ಆ ಕೊನೆಯ ಸಂಗತಿ ನಮಗೆ ತುಂಬ ಮಹತ್ವದ್ದೆನಿಸುತ್ತದೆ. ಗೀಳು ಕಚೇರಿಯ ವೇಳೆಯನ್ನು ನೋಡಿ ಬರುವುದಿಲ್ಲ.

ವಿಶ್ರಾಂತಿಯ ಗುಂಪಿನ ಅಂಕವನ್ನೂ ಓದುಗರು ಗಮನಿಸಬೇಕು. ಗೀಳು ರೋಗಿಗೆ ಪ್ರಾಣಾಯಾಮ ಮಾಡು, ಧ್ಯಾನ ಮಾಡು, ಮನಸ್ಸು ಹಗುರವಾಗುತ್ತದೆ ಎಂದು ನಮ್ಮಂಥ ವೈದ್ಯರೂ, ಹಿರಿಯರೂ ಹೇಳುವುದುಂಟು. ಅದರಿಂದ ನಿದ್ರೆಗೆ, ನೆಮ್ಮದಿಗೆ ಸಹಾಯವಾದೀತು. ಅಷ್ಟರಿಂದಲೇ ಗೀಳು ಕಳಚುವುದಿಲ್ಲ.

2005ರಲ್ಲಿ ಮಾರ್ಕ್ಸ್ ಅವರ ತಂಡವೇ ಇನ್ನೊಂದು ಸಣ್ಣ ಪರೀಕ್ಷೆಯನ್ನು ಪ್ರಕಟಿಸಿತು. 44 ರೋಗಿಗಳೆಲ್ಲರಿಗೂ ಅದೇ ಯಂತ್ರ. ಅರ್ಧ ಜನರಿಗೆ, ಬೇಕೆನಿಸಿದಾಗ ನೀವೇ ನಮಗೆ ಕರೆ ಮಾಡಿ ಎಂದರು; ಉಳಿದ ಅರ್ಧ ಜನರಿಗೆ ಚಿಕಿತ್ಸಕರೇ ಮೊದಲೇ ಗೊತ್ತುಮಾಡಿದ ಹೊತ್ತಿಗೆ ಕರೆ ಮಾಡಿ ನಾಲ್ಕು ಮಾತಾಡಿದರು. ಎರಡನೆಯ ಗುಂಪಿನವರು ಹೆಚ್ಚು ಅಭ್ಯಾಸ ಮಾಡಿದರು, ನಡುವೆ ಬಿಟ್ಟುಹೋದವರು ಕಡಿಮೆ, ಗುಣವೂ ಹೆಚ್ಚು. ಪಾಠ ಹೇಳಿದ್ದು ಯಂತ್ರವೇ. ಆದರೆ ಗುರುವಾರ ಏಳು ಗಂಟೆಗೆ ಒಬ್ಬರು ಕೇಳುತ್ತಾರೆಂಬ ಅರಿವು ಯಂತ್ರದಿಂದ ಬರುವುದಿಲ್ಲ. ಚರಕನ ಮಿತ್ರ ಇಲ್ಲಿದ್ದಾನೆ.

ಮುಂದೆ ಈ ಕ್ಷೇತ್ರದಲ್ಲಿ ಹೆಚ್ಚು ಕೆಲಸ ನಡೆದಿರುವುದು ಸ್ವೀಡನ್ ದೇಶದಲ್ಲಿ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು 2012ರಲ್ಲಿ 101 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಅಂತರ್ಜಾಲದ ಮೂಲಕ ಪಾಠಗಳನ್ನು ಓದಿ ಚಿಕಿತ್ಸಕರೊಡನೆ ಬರಹದ ಮೂಲಕ ಸಂಪರ್ಕದಲ್ಲಿದ್ದವರ ಪೈಕಿ ಶೇಕಡಾ 60ರಷ್ಟು ಮಂದಿಗೆ ಹತ್ತು ವಾರಗಳಲ್ಲಿ ಗಮನಾರ್ಹ ಗುಣ ಕಂಡಿತು. ಕೇವಲ ಸಾಂತ್ವನ ಪಡೆದವರಲ್ಲಿ ಅದು ಶೇಕಡಾ 6. ಅಲ್ಲಿನವರೇ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 152 ಮಕ್ಕಳು ಹಾಗೂ ಹರೆಯದವರ ಪೈಕಿ ಸುಮಾರು ಅರ್ಧ ಮಂದಿಗೆ ಮೊದಲು ಅಂತರ್ಜಾಲದ ಚಿಕಿತ್ಸೆ ಕೊಟ್ಟು, ಅದರಿಂದ ಗುಣವಾಗದವರಿಗೆ ಮಾತ್ರ ಮುಖಾಮುಖಿ ಚಿಕಿತ್ಸೆ ಕೊಟ್ಟರು. ಆರಂಭದಿಂದಲೇ ಮುಖಾಮುಖಿ ಚಿಕಿತ್ಸೆ ಪಡೆದವರಿಗಿಂತ ಇವರ ಫಲಿತಾಂಶ ಕೀಳಾಗಿರಲಿಲ್ಲ. ಚಿಕಿತ್ಸಕರು ಕಡಿಮೆಯಿರುವ ನಮ್ಮಂಥ ನಾಡಿಗೆ ಈ ಮೆಟ್ಟಿಲಿನ ಕ್ರಮ ಒಪ್ಪುವಂಥದು: ಮೊದಲು ಯಂತ್ರ, ಸಾಲದಿದ್ದರೆ ಮನುಷ್ಯ.

ಉತ್ತರ ಕೊಡುವ ಯಂತ್ರದ ಅಪಾಯ

ಈ ವಿಷಯವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಇನ್ನೊಂದು ಬಗೆಯ ಯಂತ್ರ. ಬಿಟಿಎಂ ಬಡಾವಣೆಯ ಪಿ.ಜಿ.ಯೊಂದರಲ್ಲಿದ್ದುಕೊಂಡು ತಂತ್ರಾಂಶ ಕಂಪನಿಯಲ್ಲಿ ದುಡಿಯುವ ಯುವಕನೊಬ್ಬ ಅಜೀರ್ಣದ ಔಷಧಕ್ಕೆಂದು ನಮ್ಮಲ್ಲಿಗೆ ಬಂದಿದ್ದ. ಗುರುತು ಸಿಗಬಾರದೆಂದು ವಿವರಗಳನ್ನು ಸ್ವಲ್ಪ ಬದಲಿಸಿದ್ದೇವೆ. ಮಾತಾಡುತ್ತಾ ಆಡುತ್ತಾ ಅಜೀರ್ಣದ ಹಿಂದಿನ ಕಥೆ ಹೊರಬಂತು. ಬೈಕಿನಲ್ಲಿ ಬರುವಾಗ ಹಳ್ಳ ಹಾರಿದರೆ, ಯಾರಿಗೋ ಗುದ್ದಿ ಬಂದೆನೇನೋ ಎಂಬ ಭಯ. ಮೊದಲು ಹಿಂದಿರುಗಿ ರಸ್ತೆಯನ್ನು ನೋಡಿ ಬರುತ್ತಿದ್ದ. ನಮ್ಮ ನಗರದ ರಸ್ತೆಯ ಹಳ್ಳಗಳ ಸಂಖ್ಯೆಯನ್ನು ಬಲ್ಲವರಿಗೆ ಆತನ ಸಂಜೆಗಳು ಹೇಗಿದ್ದವೆಂದು ವಿವರಿಸಬೇಕಾಗಿಲ್ಲ. ಈಚೆಗೆ ಹಿಂದಿರುಗುವುದನ್ನು ಬಿಟ್ಟಿದ್ದೇನೆಂದು ಹೇಳಿದ. ಅದರ ಬದಲು ಮೊಬೈಲಿನಲ್ಲಿ ಮಾತಿಗೆ ಮಾತು ಕೊಡುವ ಕೃತಕ ಬುದ್ಧಿಮತ್ತೆಯನ್ನು ಕೇಳುತ್ತಾನೆ: ಹೀಗೆ ಸದ್ದಾಯಿತು, ಹೀಗೆ ಬೈಕು ಅಲುಗಿತು, ಇದು ಮನುಷ್ಯನಿಗೆ ತಗುಲಿದ್ದಿರಬಹುದೇ? ಅದು ಸೌಜನ್ಯದಿಂದ, ಇರಲಾರದು ಎಂದು ಕಾರಣಸಹಿತ ಉತ್ತರಿಸುತ್ತದೆ. ಹತ್ತು ನಿಮಿಷ ನೆಮ್ಮದಿ. ಆಮೇಲೆ, ಸದ್ದಿನ ವಿಚಾರವನ್ನು ಸರಿಯಾಗಿ ಹೇಳಲಿಲ್ಲವೇನೋ ಎಂದು ಮತ್ತೆ ಪ್ರಶ್ನೆ. ಒಂದು ರಾತ್ರಿ ಬೆಳಗಿನ ಮೂರರವರೆಗೂ ಇದು ನಡೆದಿತ್ತು.

ಆತ ಗೀಳಿನಿಂದ ಬಿಡಿಸಿಕೊಂಡಿರಲಿಲ್ಲ. ಗೀಳು ರಸ್ತೆಯಿಂದ ಪರದೆಗೆ ವಾಸ್ತವ್ಯವನ್ನು ಬದಲಿಸಿತ್ತು. ಪದೇ ಪದೇ ಭರವಸೆ ಕೇಳುವುದೂ ಕೈ ತೊಳೆಯುವಂತೆಯೇ ಒಂದು ಕ್ರಿಯೆ. ಹೆಂಡತಿಯನ್ನೋ ತಾಯಿಯನ್ನೋ ಕೇಳಿದರೆ ಐದನೆಯ ಸಲಕ್ಕೆ ಅವರು ಬೇಸತ್ತು ಸಾಕು ಎನ್ನುತ್ತಾರೆ. ಆ ಬೇಸರದಲ್ಲಿಯೂ ಒಂದು ಉಪಕಾರವಿದೆ. ಯಂತ್ರಕ್ಕೆ ಬೇಸರವೇ ಇಲ್ಲ. ನೂರನೆಯ ಸಲವೂ ಮೊದಲನೆಯ ಸಲದಷ್ಟೇ ವಿನಯದಿಂದ ಉತ್ತರಿಸುತ್ತದೆ.

ಆದ್ದರಿಂದ ಗಣಕಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ಹಾಗೆ ಕೇಳುವುದರಲ್ಲಿ ಅರ್ಥವಿಲ್ಲ. ಬಿಟಿ ಸ್ಟೆಪ್ಸ್ ಮಾದರಿಯ ಪ್ರೋಗ್ರಾಂ, ನಿನ್ನ ಅನುಮಾನಕ್ಕೆ ಉತ್ತರ ಸಿಗದು, ಅದರೊಡನೆ ಒಂದು ಗಂಟೆ ಕುಳಿತಿರು ಎನ್ನುತ್ತದೆ. ಹರಟುವ ಯಂತ್ರ, ಇಗೋ ಉತ್ತರ ಎನ್ನುತ್ತದೆ. ಒಂದು ಸಾಲವನ್ನು ತೀರಿಸುವ ದಾರಿ. ಮತ್ತೊಂದು ಹೊಸ ಸಾಲ. ಆ ಯುವಕನನ್ನು ನಾವು ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಅಲ್ಲಿ ಅವನ ಏಣಿಯ ಮೊದಲ ಮೆಟ್ಟಿಲು ಏನೆಂದು ನಿಶ್ಚಯವಾಯಿತು ಗೊತ್ತೇ? ಸಂಜೆ ಮನೆಗೆ ಬಂದ ಮೇಲೆ ಮೂವತ್ತು ನಿಮಿಷ ಯಂತ್ರವನ್ನು ಏನೂ ಕೇಳದಿರುವುದು.

ಬೆಂಗಳೂರು ಈ ವಿಷಯದಲ್ಲಿ ಎರಡು ತುದಿಗಳನ್ನೂ ಹಿಡಿದಿರುವ ಊರು. ಅಂತರ್ಜಾಲ, ಆಟ, ಮೊಬೈಲುಗಳ ಅತಿಬಳಕೆಯಿಂದ ನರಳುವವರಿಗಾಗಿ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ಕನ್ನು ಆರಂಭಿಸಿತು. ಅದು ನಡೆದುಬಂದದ್ದು ಬಿಟಿಎಂ ಬಡಾವಣೆಯಲ್ಲಿನ ಅದರ ಕ್ಷೇಮ ಕೇಂದ್ರದಲ್ಲಿ. ಅದೇ ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಡಾ. ಸೀಮಾ ಮೆಹ್ರೋತ್ರಾ ಮತ್ತು ತಂಡದವರು ಖಿನ್ನತೆಯಿಂದ ಬಳಲುವವರು ಸ್ವತಃ ಬಳಸಬಹುದಾದ ಪುಶ್-ಡಿ ಎಂಬ ಆ್ಯಪ್ ರೂಪಿಸಿದ್ದಾರೆ. ವೈಸಾ ಎಂಬ, ಪೆಂಗ್ವಿನ್ ಹಕ್ಕಿಯ ಮುಖವಿರುವ ಸಂವಾದದ ಆ್ಯಪ್ ಹುಟ್ಟಿದ್ದೂ ಇದೇ ಊರಿನಲ್ಲಿ. ಇವು ಖಿನ್ನತೆ, ಆತಂಕಗಳನ್ನು ಉದ್ದೇಶಿಸಿದವು. ಗೀಳು ರೋಗಕ್ಕೆಂದೇ ಸಿದ್ಧವಾದ ಒಳ್ಳೆಯ ಪ್ರೋಗ್ರಾಮುಗಳು ಬಹುತೇಕ ಇಂಗ್ಲಿಷ್, ಸ್ವೀಡಿಷ್ ಮುಂತಾದ ಭಾಷೆಗಳಲ್ಲಿವೆ.

ಏಣಿ ಯಾವ ಭಾಷೆಯಲ್ಲಿರಬೇಕು

ಭಾಷೆಯ ಈ ಕೊರತೆ ಅನುವಾದದಿಂದ ನೀಗುವಂಥದಲ್ಲ. ಸ್ವೀಡನ್ನಿನ ರೋಗಿಯ ಏಣಿಯಲ್ಲಿ ಕಸದ ಡಬ್ಬಿ, ಸಾರ್ವಜನಿಕ ಶೌಚಾಲಯದ ಹಿಡಿಕೆಗಳಿರಬಹುದು. ಬನಶಂಕರಿ ಎರಡನೆಯ ಹಂತದ ನಿವೃತ್ತ ಶಿಕ್ಷಕಿಯೊಬ್ಬರ ಏಣಿಯೇ ಬೇರೆ. ಅವರದು ಮೈಲಿಗೆಯ ಭಯ. ಅದನ್ನು ಕಟ್ಟುವಾಗ ಅವರ ಮಗಳ ಜೊತೆಯಲ್ಲಿ ನಾವೂ ಕುಳಿತಿದ್ದೆವು. ಹೊರಗಿನಿಂದ ಬಂದ ಹಾಲಿನ ಪ್ಯಾಕೆಟ್ಟನ್ನು ತೊಳೆಯದೆ ಫ್ರಿಜ್ಜಿನಲ್ಲಿಡುವುದಕ್ಕೆ ಮೂವತ್ತು ಅಂಕ. ಗಾಂಧಿ ಬಜಾರಿನಲ್ಲಿ ಚಿಲ್ಲರೆಯಾಗಿ ಬಂದ ನೋಟನ್ನು ಒಣ ಕೈಯಿಂದಲೇ ಪರ್ಸಿಗೆ ಸೇರಿಸುವುದಕ್ಕೆ ನಲವತ್ತು. ಮೊಮ್ಮಗ ಶಾಲೆಯ ಸಮವಸ್ತ್ರದಲ್ಲಿಯೇ ಸೋಫಾದ ಮೇಲೆ ಕುಳಿತರೆ ಐವತ್ತು. ಮೆಟ್ರೊದಲ್ಲಿ ಕಂಬವನ್ನು ಹಿಡಿದು ಬನಶಂಕರಿಯಿಂದ ಜಯನಗರದವರೆಗೆ ನಿಂತು ಹೋಗಿ ಬಂದು, ಸ್ನಾನ ಮಾಡದೆ ಊಟ ಮಾಡುವುದಕ್ಕೆ ಅರವತ್ತೈದು. ಮುಸುರೆ ಪಾತ್ರೆಯನ್ನು ಮುಟ್ಟಿದ ಕೈಯಿಂದ ಅಡುಗೆಮನೆಯ ಡಬ್ಬಿಗಳನ್ನು ತೆರೆಯುವುದಕ್ಕೆ ಎಂಬತ್ತು. ನೂರು ಅಂಕ ಯಾವುದಕ್ಕೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಸಾವಿನ ಮನೆಗೆ ಹೋಗಿಬಂದವರ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ಎಂದರು.

ಮೈಲಿಗೆ, ಮುಸುರೆ ಎಂಬ ಶಬ್ದಗಳಿಗೆ ಇನ್ನೊಂದು ಭಾಷೆಯ ಪ್ರೋಗ್ರಾಮಿನಲ್ಲಿ ಗುಂಡಿಯಿಲ್ಲ. ಆಚಾರ ಎಲ್ಲಿ ಮುಗಿಯಿತು, ರೋಗ ಎಲ್ಲಿ ಆರಂಭವಾಯಿತು ಎಂಬ ವಿವೇಚನೆಯನ್ನೂ ಯಂತ್ರ ಮಾಡಲಾರದು. ನಾವು ಬಳಸುವ ಅಳತೆ ಸರಳವಾದುದು. ಮನೆಯ ಇತರ ಶ್ರದ್ಧಾವಂತರು ಮಾಡುವಷ್ಟನ್ನು ಮಾಡಿ, ಮುಗಿಸಿ, ಮುಂದಿನ ಕೆಲಸಕ್ಕೆ ಹೋಗಲು ಸಾಧ್ಯವಾದರೆ ಅದು ಆಚಾರ. ಮುಗಿಸಲು ಸಾಧ್ಯವಾಗದಿದ್ದರೆ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ಅದು ನುಂಗುತ್ತಿದ್ದರೆ, ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಪೂಜೆಯ ವಿಚಾರದ ಗೀಳಿದ್ದಲ್ಲಿ ತಾವು ನಂಬಿದ ಗುರುಗಳೊಡನೆ ಒಮ್ಮೆ ಮಾತನಾಡುವುದು ಒಳ್ಳೆಯದು. ಒಮ್ಮೆ ಮಾತ್ರ. ಅದೇ ಪ್ರಶ್ನೆಯನ್ನು ಹೊತ್ತು ವಾರವೂ ಗುರುಗಳಲ್ಲಿಗೆ ಓಡಿದರೆ ಅದೂ ಭರವಸೆಯ ಬೇಟೆಯೇ ಆಗುತ್ತದೆ.

ಆ ಶಿಕ್ಷಕಿಯ ಮನೆಯಲ್ಲಿ ರೋಗ ಅವರೊಬ್ಬರದಾಗಿ ಉಳಿದಿರಲಿಲ್ಲ. ಮಗಳು ಬಾಗಿಲಲ್ಲಿಯೇ ಬಟ್ಟೆ ಬದಲಿಸುತ್ತಿದ್ದಳು. ಅಳಿಯ ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದ. ಮೊಮ್ಮಗನಿಗೆ ಸ್ನೇಹಿತರನ್ನು ಮನೆಗೆ ಕರೆಯಲು ಅನುಮತಿಯಿರಲಿಲ್ಲ. ಪ್ರೀತಿಯಿಂದ, ಜಗಳ ಬೇಡವೆಂದು, ಮನೆಯವರೆಲ್ಲ ಗೀಳಿಗೆ ಸೇವಕರಾಗಿದ್ದರು. 2024ರ ಬೇಸಿಗೆಯಲ್ಲಿ ನಗರಕ್ಕೆಲ್ಲ ನೀರಿನ ಅಭಾವ ಬಂದಾಗ ವಾರಕ್ಕೆ ಮೂರು ಟ್ಯಾಂಕರು ತರಿಸಬೇಕಾಗಿ ಬಂದುದರಿಂದಲೇ ಮಾತು ವೈದ್ಯರವರೆಗೆ ಬಂತು. ಯಾವ ಪ್ರೋಗ್ರಾಮನ್ನೇ ಬಳಸಲಿ, ಮನೆಯವರು ಈ ಸೇವೆಯಿಂದ ಮೆಲ್ಲಮೆಲ್ಲನೆ, ರೋಗಿಗೆ ಮೊದಲೇ ತಿಳಿಸಿ, ಹಿಂದೆ ಸರಿಯದಿದ್ದರೆ ಚಿಕಿತ್ಸೆ ಮುಂದೆ ಸಾಗದು. ಒಮ್ಮೆಲೇ ಗದರಿಸಿ ನಿಲ್ಲಿಸುವುದೂ ಸಲ್ಲದು.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಸೌಮ್ಯ ಅಥವಾ ಮಧ್ಯಮ ತೀವ್ರತೆಯ ಗೀಳಿಗೆ, ರೋಗನಿರ್ಣಯ ವೈದ್ಯರಿಂದ ಆದ ಮೇಲೆ, ಇಂಥ ಪ್ರೋಗ್ರಾಂ ಊರುಗೋಲಾಗಬಲ್ಲದು. ಊಟ ನಿದ್ರೆಗಳನ್ನು ಬಿಟ್ಟಿರುವವರು, ಬದುಕೇ ಬೇಡವೆನ್ನುವವರು, ತಮ್ಮ ಭಯ ಅತಿಯಾದುದೆಂಬ ಅರಿವೇ ಇಲ್ಲದವರು ನೇರವಾಗಿ ಮನೋವೈದ್ಯರಲ್ಲಿಗೇ ಹೋಗಬೇಕು. ಫ್ಲೂಆಕ್ಸಿಟಿನ್, ಸರ್ಟ್ರಾಲಿನ್, ಫ್ಲೂವಾಕ್ಸಮಿನ್ ಮುಂತಾದ ಔಷಧಗಳು ಈ ರೋಗದಲ್ಲಿ ನಿಧಾನವಾಗಿ ಕೆಲಸ ಮಾಡುತ್ತವೆ. ಎಂಟರಿಂದ ಹನ್ನೆರಡು ವಾರ ಕಾಯದೆ ಫಲವಿಲ್ಲವೆನ್ನಬಾರದು. ಆಯುರ್ವೇದ ತೆಗೆದುಕೊಳ್ಳುತ್ತೇನೆ, ಆ ಮಾತ್ರೆಗಳನ್ನು ನಿಲ್ಲಿಸಲೇ ಎಂದು ನಮ್ಮನ್ನು ಕೇಳುವವರು ಬಹಳ. ನಿಲ್ಲಿಸಬೇಡಿ. ಬ್ರಾಹ್ಮೀ ಘೃತವೋ ಶಂಖಪುಷ್ಪಿಯೋ ಬೇಕೆನಿಸಿದರೆ ಇಬ್ಬರು ವೈದ್ಯರಿಗೂ ತಿಳಿಸಿಯೇ ತೆಗೆದುಕೊಳ್ಳಬೇಕು. ಮೊಬೈಲಿನ ಆ್ಯಪ್‌ಗೆ ಮನಸ್ಸಿನ ಗುಟ್ಟುಗಳನ್ನು ಒಪ್ಪಿಸುವ ಮೊದಲು ಅವು ಯಾರ ಕೈಗೆ ಹೋಗುತ್ತವೆಂದು ಮನೆಯ ಓದಿದ ಮಕ್ಕಳಿಂದ ಓದಿಸಿಕೊಳ್ಳಿ. ಭರವಸೆ ಕೊಡುತ್ತಲೇ ಇರುವ ಆ್ಯಪ್ ಆದರೆ ಅದನ್ನು ತೆಗೆದುಹಾಕಿ.

ಎಲ್ಲಿಗೆ ಹೋಗಬೇಕೆಂದೇ ತೋಚದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಈ ಸೇವೆ ಉಚಿತ. ದಿನದ ಇಪ್ಪತ್ತನಾಲ್ಕು ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಪೂರ್ಣ ಚಿಕಿತ್ಸೆ ಅಲ್ಲಿ ನಡೆಯುವುದಿಲ್ಲ. ಮುಂದಿನ ದಾರಿಯನ್ನು ಹೇಳುತ್ತಾರೆ.

ಸ್ಮಾರ್ಟ್‌ಫೋನ್ ಬಳಸಲಾರದ ಹಿರಿಯರು ಏನು ಮಾಡಬೇಕೆಂದು ಮಠದ ಭಕ್ತರೊಬ್ಬರು ಈಚೆಗೆ ಕೇಳಿದರು. ನಮ್ಮ ಶಿಕ್ಷಕಿಗೂ ಇಂಗ್ಲಿಷ್ ಆ್ಯಪ್ ಒಗ್ಗಲಿಲ್ಲ. ಮನೋವೈದ್ಯರ ಒಪ್ಪಿಗೆ ಪಡೆದು ಮಗಳು ಅದರ ಕ್ರಮವನ್ನೇ ಇನ್ನೂರು ಪುಟದ ನೋಟುಪುಸ್ತಕಕ್ಕೆ ಇಳಿಸಿದಳು. ಎಡಪುಟದಲ್ಲಿ ಮೆಟ್ಟಿಲು, ಬಲಪುಟದಲ್ಲಿ ಆರಂಭದ ಅಂಕ, ಅರ್ಧ ಗಂಟೆಯ ಅಂಕ, ಒಂದು ಗಂಟೆಯ ಅಂಕ. ಹೊತ್ತು ನೋಡಲು ಅಡುಗೆಮನೆಯ ಗಡಿಯಾರ. ಮೈಸೂರಿನಲ್ಲಿರುವ ತಂಗಿ ಪ್ರತಿ ಗುರುವಾರ ಸಂಜೆ ಏಳಕ್ಕೆ ಕರೆ ಮಾಡಿ ಆ ವಾರದ ಅಂಕಗಳನ್ನು ಓದಿಸಿಕೊಳ್ಳುತ್ತಾರೆ. ಕೊಳೆಯಾಯಿತೇ ಇಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಕೂಡದೆಂದು ಅವರಿಗೆ ತಿಳಿಸಿದೆ. ಕಳೆದ ತಿಂಗಳು ಪುಸ್ತಕವನ್ನು ನಮಗೆ ತೋರಿಸಿದರು. ಹಾಲಿನ ಪ್ಯಾಕೆಟ್ಟು ಮೂವತ್ತರಿಂದ ಐದಕ್ಕೆ ಇಳಿದಿದೆ. ಮೆಟ್ರೊ ಇನ್ನೂ ನಲವತ್ತರಲ್ಲಿದೆ. ನೂರರ ಮೆಟ್ಟಿಲಿನ ಪುಟ ಖಾಲಿಯಿದೆ.